ಮರದ ಪೀಠ: ಪಾವಿತ್ರ್ಯ ಎಲ್ಲಿಂದ ಬರುತ್ತದೆ

ದೇವರ ಮೂರ್ತಿಯನ್ನು, ಪುರಾಣದ ಹೊತ್ತಗೆಯನ್ನು, ಪ್ರಸಾದದ ತಟ್ಟೆಯನ್ನು ನೆಲದಿಂದ ಎತ್ತಿ ಹಿಡಿಯುವ ಆಸನವೇ ಪೀಠ. ಮರದಲ್ಲಿ ಮಾಡಿದ ಒಂಟಿ ಕಂಬದ ಪೀಠಕ್ಕೆ ಮೂರು ಅಂಗಗಳು: ಕೆಳಗೆ ಹರಡಿದ ಪಾದ, ನಡುವೆ ಕಂಬ, ಮೇಲೆ ಹಲಗೆ. ಸಂಡೂರು, ಹೊಸಪೇಟೆ, ಕಂಪ್ಲಿ ಸೀಮೆಯಲ್ಲಿ ಇದನ್ನು ಮಾಡುವವರು ಬಡಿಗೇರರು. ಕೆಲಸದ ಜಾಗ ಹೆಚ್ಚಾಗಿ ಮನೆಯ ಪಡಸಾಲೆ, ಇಲ್ಲವೇ ಅಂಗಳದ ಚಪ್ಪರ. ಬಾಗಿಲ ಚೌಕಟ್ಟಿಗೋ ಬಂಡಿಯ ಅಚ್ಚಿಗೋ ಸಲ್ಲಬಹುದಾಗಿದ್ದ ತುಂಡು ಪೀಠವಾದ ಮೇಲೆ ಅದರ ಮೇಲೆ ಯಾರೂ ಕಾಲಿಡುವುದಿಲ್ಲ. ತಪ್ಪಿ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಮರ ಅದೇ ಮರ. ಹಾಗಾದರೆ ಬದಲಾದದ್ದು ಏನು? ಪಾವಿತ್ರ್ಯ ಮರದಲ್ಲೇ ಇತ್ತೋ, ಉಳಿಯ ಕೆಲಸದಿಂದ ಬಂತೋ, ಮಂತ್ರ ತಂದಿತೋ, ಪೂಜಿಸುವವರ ಮನಸ್ಸು ಕೊಟ್ಟಿತೋ ಎಂಬುದನ್ನು ಭಾರತದ ತಾರ್ಕಿಕರು ಶತಮಾನಗಳ ಕಾಲ ಚರ್ಚಿಸಿದ್ದಾರೆ.

ಮೊದಲ ಉತ್ತರ ಮರದ ಕಡೆಗೆ ಬೊಟ್ಟು ಮಾಡುತ್ತದೆ. 6ನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಪ್ರತಿಮೆಗೆ ಮರ ತರಲು ಕಾಡು ಹೊಗುವ ವಿಧಿಗೆ ಒಂದು ಅಧ್ಯಾಯವನ್ನೂ, ಮಂಚ ಮತ್ತು ಆಸನಗಳ ಲಕ್ಷಣಕ್ಕೆ ಇನ್ನೊಂದನ್ನೂ ಮೀಸಲಿಟ್ಟಿದ್ದಾನೆ. ಆಸನಕ್ಕೆ ಒಳ್ಳೆಯ ಮರಗಳ ಪಟ್ಟಿಯಲ್ಲಿ ಶ್ರೀಗಂಧ, ದೇವದಾರು, ಶಿವನಿ, ತೇಗ ಸೇರಿವೆ. ಸಿಡಿಲು ಬಡಿದ ಮರ, ಗಾಳಿಗೆ ಉರುಳಿದ್ದು, ಆನೆ ಕೆಡವಿದ್ದು, ಹಕ್ಕಿ ಗೂಡು ಕಟ್ಟಿದ್ದು, ಜೇನು ಕೂತದ್ದು, ಸ್ಮಶಾನದಲ್ಲಿ ಬೆಳೆದದ್ದು ಬೇಡ. ಈ ನಿಷೇಧಗಳಲ್ಲಿ ಕೆಲವು ಕಸುಬಿನ ಕಣ್ಣಿಗೂ ಸರಿ, ಸಿಡಿಲು ಹೊಕ್ಕ ಮರ ಒಳಗೇ ಸೀಳಿರುತ್ತದೆ. ಹಕ್ಕಿಯ ಗೂಡಿನ ಮಾತು ಮಾತ್ರ ಬೇರೆ ಬಗೆಯದು, ಅಲ್ಲಿರುವುದು ಇನ್ನೊಂದು ಜೀವದ ಮನೆಯ ಚಿಂತೆ. ಕಡಿಯುವ ಹಿಂದಿನ ರಾತ್ರಿ ಮರಕ್ಕೆ ಪೂಜೆ ಮಾಡಿ, ಬಲಿ ಇಟ್ಟು, ಅದರಲ್ಲಿ ನೆಲೆಸಿರುವ ಭೂತಗಳು ದಯವಿಟ್ಟು ಬೇರೆಡೆಗೆ ವಾಸ ಬದಲಿಸಲಿ ಎಂದು ಬೇಡಿಕೊಳ್ಳಬೇಕು ಎಂದು ಗ್ರಂಥ ಹೇಳುತ್ತದೆ. ಮರ ಬರಿಯ ಸಾಮಗ್ರಿಯಲ್ಲ, ಅದರ ಮೇಲೆ ಮನುಷ್ಯನಿಗಿಂತ ಮೊದಲಿನ ಹಕ್ಕುದಾರರಿದ್ದಾರೆ ಎಂಬ ತಿಳಿವಳಿಕೆ ಈ ವಿಧಿಯ ಬೇರಿನಲ್ಲಿದೆ.

ಸಂಡೂರಿನಲ್ಲಿ ಈ ಮಾತಿಗೆ ಹೆಚ್ಚಿನ ತೂಕ ಬರುತ್ತದೆ. ಕುಮಾರಸ್ವಾಮಿ ದೇವಾಲಯವಿರುವ ಸ್ವಾಮಿಮಲೆ, ದೋಣಿಮಲೆ, ರಾಮಗಡದ ಬೆಟ್ಟಸಾಲು ಬಳ್ಳಾರಿಯ ಬಯಲಿಗೆ ಹೊಂದಿಕೊಂಡ ಹಸಿರು ಕಾಡು. ಅದೇ ಬೆಟ್ಟಗಳ ಒಡಲಲ್ಲಿ ಕಬ್ಬಿಣದ ಅದಿರು. ಅಕ್ರಮ ಗಣಿಗಾರಿಕೆಯಿಂದಾಗಿ 2011ರಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಳನ್ನೇ ನಿಲ್ಲಿಸಬೇಕಾಯಿತು. 2024ರಲ್ಲಿ ದೇವದಾರಿ ಬೆಟ್ಟದ ಗಣಿ ಯೋಜನೆಗೆ ಸುಮಾರು ಒಂದು ಲಕ್ಷ ಮರ ಹೋಗುತ್ತವೆ ಎಂಬ ವಿಷಯ ರಾಜ್ಯದ ಚರ್ಚೆಗೆ ಬಂತು. ಒಂದು ಮರಕ್ಕೆ ಒಂದು ರಾತ್ರಿಯ ಅನುಮತಿ ಕೇಳುವ ವಿಧಿಯನ್ನು ಲಕ್ಷ ಮರಗಳಿಗೆ ಅನ್ವಯಿಸಲು ಬಾರದು ಎಂಬುದು ಅದರ ದೋಷವಲ್ಲ. ಅಷ್ಟು ಮರಗಳನ್ನು ಒಮ್ಮೆಗೇ ಬೇಡುವ ಕೆಲಸವನ್ನು ಅದು ಒಪ್ಪುವುದೇ ಇಲ್ಲ.

ಎರಡನೆಯ ಉತ್ತರ ಕೈಕೆಲಸದ್ದು. ವಿಶ್ವಕರ್ಮ ಪರಂಪರೆ ತನ್ನ ಐದು ಕಸುಬುಗಳನ್ನು ವಿಶ್ವಕರ್ಮನ ಐವರು ಮಕ್ಕಳಿಗೆ ಹಂಚುತ್ತದೆ. ಕಬ್ಬಿಣ ಮನುವಿನದು, ಮರ ಮಯನದು, ಕಂಚು ತ್ವಷ್ಟೃವಿನದು, ಕಲ್ಲು ಶಿಲ್ಪಿಯದು, ಚಿನ್ನ ವಿಶ್ವಜ್ಞನದು. ಈ ದೃಷ್ಟಿಯಲ್ಲಿ ಕೆತ್ತುವುದೇ ಯಜ್ಞ, ಉಳಿ ಕೊಡತಿಗಳೇ ಅದರ ಉಪಕರಣ. ಅಮಾವಾಸ್ಯೆಯಂದು ಕೆಲಸಕ್ಕೆ ಬಿಡುವು ಕೊಡುವುದು, ಮಹಾನವಮಿಯಲ್ಲಿ ಆಯುಧಗಳನ್ನು ತೊಳೆದಿಟ್ಟು ಪೂಜಿಸುವುದು ಈ ನಂಬಿಕೆಯ ಬದುಕಿನ ರೂಪ.

ಕೆಲಸದ ವಿವರ ನೋಡಿದರೆ ಈ ಉತ್ತರ ಬರಿಯ ಅಭಿಮಾನದ ಮಾತಲ್ಲವೆಂದು ಗೊತ್ತಾಗುತ್ತದೆ. ಪೀಠಕ್ಕೆ ಮೂರು ಕಾಲಿಟ್ಟರೆ ಸಾರಿಸಿದ ಏರುಪೇರಿನ ನೆಲದಲ್ಲೂ ಅದು ಅಲುಗುವುದಿಲ್ಲ, ಏಕೆಂದರೆ ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ. ಆದರೆ ಕಾಲುಗಳ ಹರವು ಹಲಗೆಯ ಅಗಲಕ್ಕೆ ತೀರ ಕಡಿಮೆಯಾದರೆ ಅಂಚಿನ ಮೇಲೆ ಭಾರ ಬಿದ್ದಾಗ ಪೀಠ ಮಗುಚುತ್ತದೆ. ಬಾಗಿದ ಕಾಲಿನಲ್ಲಿ ಮರದ ಎಳೆ ಕಾಲಿನ ಉದ್ದಕ್ಕೇ ಓಡಬೇಕು. ಅಡ್ಡ ಎಳೆ ಬಂದ ಕಡೆ ಭಾರ ತಾಳದೆ ಮುರಿಯುತ್ತದೆ. ಕಂಬಕ್ಕೆ ಕಾಲನ್ನು ಕೂರಿಸುವ ಕಚ್ಚು ಒಳಗೆ ಅಗಲವಾಗಿ, ಬಾಯಲ್ಲಿ ಕಿರಿದಾಗಿರಬೇಕು. ಆಗ ಭಾರ ಬಿದ್ದಾಗ ಕಾಲು ಹೊರಗೆ ಜಾರದು. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಮೇಲಿನ ಹಲಗೆ. ಮರ ಉದ್ದಕ್ಕೆ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ, ಅಡ್ಡಕ್ಕೆ ಮಾತ್ರ ಬೇಸಿಗೆಯಲ್ಲಿ ಕುಗ್ಗಿ ಮಳೆಗಾಲದಲ್ಲಿ ಹಿಗ್ಗುತ್ತದೆ. ಬಳ್ಳಾರಿ ಸೀಮೆಯ ಏಪ್ರಿಲ್ ಬಿಸಿಲಿಗೂ ಸಂಡೂರಿನ ಜುಲೈ ತೇವಕ್ಕೂ ನಡುವೆ ಹಲಗೆ ಕಣ್ಣಿಗೆ ಕಾಣುವಷ್ಟು ಬದಲಾಗಬಹುದು. ಅದನ್ನು ಬಿಗಿಯಾಗಿ ಜಡಿದರೆ ಸೀಳುತ್ತದೆ. ತಿಳಿದ ಬಡಿಗ ತಿರುಪಿನ ತೂತನ್ನು ಅಡ್ಡ ದಿಕ್ಕಿಗೆ ಉದ್ದವಾಗಿ ಕೊರೆದು ಮರಕ್ಕೆ ಉಸಿರಾಡಲು ಜಾಗ ಬಿಡುತ್ತಾನೆ. ಕಡಿದು ಒಣಗಿಸಿದ ಮೇಲೂ ಮರ ತನ್ನ ಸ್ವಭಾವ ಬಿಡದು, ಮಾಡುವವನು ಅದಕ್ಕೆ ತಲೆಬಾಗಬೇಕು.

ಕೆತ್ತನೆಯ ಕ್ರಮವೂ ಮನಸ್ಸಿಗೆ ಬಂದಂತೆ ಅಲ್ಲ. ಹಂಪಿಯ ಗುಡಿಗಳ ಅಧಿಷ್ಠಾನದಲ್ಲಿ ಕೆಳಗಿನಿಂದ ಉಪಾನ, ಜಗತಿ, ಕುಮುದ, ಕಂಠ, ಮೇಲಿನ ಪಟ್ಟಿಕೆ ಎಂಬ ಸ್ತರಗಳು ಬರುತ್ತವೆ. ಸಾಂಪ್ರದಾಯಿಕ ಮರದ ಪೀಠದಲ್ಲೂ ಇವೇ ಚಿಕ್ಕದಾಗಿ ಬರುತ್ತವೆ, ಜೊತೆಗೆ ಪದ್ಮದ ದಳಗಳು. ಕಲ್ಲು ಮರಗಳ ನಡುವಿನ ಈ ಸಾಲ ಎರಡೂ ಕಡೆಗೆ ಹರಿದಿದೆ. ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥ, ಬೀದಿಯಲ್ಲಿ ಎಳೆಯುವ ಮರದ ತೇರಿನ ರೂಪವನ್ನೇ ಕಲ್ಲಿಗೆ ತಂದದ್ದು.

ಇಷ್ಟಾದರೂ ಕೆಲಸ ಮುಗಿದ ಪೀಠ ಇನ್ನೂ ಪೂಜ್ಯವಲ್ಲ ಎಂದು ಆಗಮಗಳು ಹೇಳುತ್ತವೆ. ಪ್ರತಿಷ್ಠೆಯಾಗಬೇಕು. ಪ್ರತಿಷ್ಠೆ ಮರದಲ್ಲಿ ಏನನ್ನು ಹುಟ್ಟಿಸುತ್ತದೆ ಎಂಬಲ್ಲಿ ತಾರ್ಕಿಕರ ನಿಜವಾದ ಜಗಳ ಆರಂಭವಾಗುತ್ತದೆ. ವಿಧಿಯಿಂದ ವಸ್ತುವಿನಲ್ಲೇ ಒಂದು ಶಕ್ತಿ ಹುಟ್ಟುತ್ತದೆ ಎಂಬುದು ಮೀಮಾಂಸಕರ ಕಡೆಯ ವಾದ. 10ನೇ ಶತಮಾನದ ನೈಯಾಯಿಕ ಉದಯನ ನ್ಯಾಯಕುಸುಮಾಂಜಲಿಯಲ್ಲಿ ಇದನ್ನು ಒಪ್ಪುವುದಿಲ್ಲ. ಆತ ಎರಡು ದಾರಿ ತೋರಿಸುತ್ತಾನೆ. ದೇವತೆ ಚೇತನ ಎನ್ನುವವರಿಗೆ, ಪ್ರತಿಷ್ಠೆಯಿಂದ ದೇವತೆ ಆ ವಸ್ತುವನ್ನು ತನ್ನದೆಂದು ಭಾವಿಸಿ ಸನ್ನಿಹಿತವಾಗುತ್ತದೆ. ಅದನ್ನು ಒಪ್ಪದವರಿಗೆ, ಹಿಂದಿನವರು ಪೂಜಿಸುತ್ತ ಬಂದದ್ದು ಇದೇ ಎಂಬ ಗುರುತಿಸುವಿಕೆಯೇ ಸಾಕು. ಎರಡರಲ್ಲೂ ಮರದ ಕಣಕಣ ಬದಲಾಗುವ ಪ್ರಶ್ನೆ ಇಲ್ಲ. ಬದಲಾಗುವುದು ಸಂಬಂಧ.

ಗುರುತಿಸುವಿಕೆಯ ಈ ಎರಡನೆಯ ದಾರಿಗೆ ಹಂಪಿಗಿಂತ ಸ್ಪಷ್ಟ ಸಾಕ್ಷಿ ಸಿಗುವುದು ಕಷ್ಟ. ವಿರೂಪಾಕ್ಷನಿಗೆ ಇಂದಿಗೂ ನಿತ್ಯಪೂಜೆ ನಡೆಯುತ್ತದೆ. ಅದಕ್ಕಿಂತ ಎಷ್ಟೋ ಪಾಲು ಅಲಂಕೃತವಾದ ವಿಠ್ಠಲ ದೇವಾಲಯದ ಗರ್ಭಗುಡಿಯಲ್ಲಿ ಮೂರ್ತಿಯೂ ಇಲ್ಲ, ಪೂಜೆಯೂ ಇಲ್ಲ. ಕೃಷ್ಣದೇವರಾಯ ಉದಯಗಿರಿಯಿಂದ ತಂದು 1515ರಲ್ಲಿ ಪ್ರತಿಷ್ಠಾಪಿಸಿದ ಬಾಲಕೃಷ್ಣನ ವಿಗ್ರಹ ಭಗ್ನವಾಗಿ ಈಗ ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕೆತ್ತನೆಯ ಸೊಗಸೇ ಪಾವಿತ್ರ್ಯದ ಮೂಲವಾಗಿದ್ದರೆ ಲೆಕ್ಕ ತಿರುಗುಮುರುಗು ಆಗಬೇಕಿತ್ತು. ಕಸುಬು ಎಷ್ಟೇ ದೊಡ್ಡದಾಗಿರಲಿ, ನಡೆದು ಬಂದ ಆಚರಣೆಯ ಎಳೆ ಕಡಿದಲ್ಲಿ ಪೀಠ ಶಿಲ್ಪವಾಗಿ ಮಾತ್ರ ಉಳಿಯುತ್ತದೆ.

ರಾಜನ ಆಸನಕ್ಕೂ ಇದೇ ಪ್ರಶ್ನೆ ಅಂಟಿಕೊಂಡಿತ್ತು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ವರ್ಣನೆಯಲ್ಲಿ ರೇಷ್ಮೆ ಹೊದಿಸಿದ ಮರದ ಸಿಂಹಾಸನವನ್ನೂ ಅದರ ಚಿನ್ನದ ಸಿಂಹಗಳನ್ನೂ ಕಂಡು ಬರೆದಿದ್ದಾನೆ; ಅದರ ಮೇಲೆ ಹೂವಿನ ನಡುವೆ ಚಿನ್ನದ ದೇವತಾಮೂರ್ತಿಯನ್ನು ಇಡುತ್ತಿದ್ದರು. ಆ ಮರವೆಲ್ಲ ಹೋಗಿದೆ, ಮಹಾನವಮಿ ದಿಬ್ಬದ ಕಲ್ಲಿನ ಜಗತಿ ನಿಂತಿದೆ. ಕುಹೂಯೋಗವೆಂಬ ಅಶುಭ ಗ್ರಹಯೋಗದ ಕೇಡು ತಪ್ಪಿಸಲು ವ್ಯಾಸತೀರ್ಥರು ರಾಯನ ಸಿಂಹಾಸನದಲ್ಲಿ ಕುಳಿತರೆಂಬ ಮಾಧ್ವ ಪರಂಪರೆಯ ಕಥೆಯೂ ಇಲ್ಲಿಯದೇ. ದೇವರು, ಯತಿ, ಅರಸ ಮೂವರೂ ಕೂರಬಲ್ಲ ಆಸನ ಯಾರ ಸ್ವತ್ತೂ ಅಲ್ಲ ಎಂಬ ಅರಿವು ಇವೆರಡರಲ್ಲೂ ಕಾಣುತ್ತದೆ.

ಶರಣರು ಚರ್ಚೆಯ ನೆಲೆಯನ್ನೇ ಬದಲಿಸಿದರು. ಇಷ್ಟಲಿಂಗಕ್ಕೆ ಗುಡಿಯ ಪೀಠ ಬೇಡ, ಎಡಗೈಯ ಅಂಗೈಯೇ ಸಾಕು. ಕರಪೀಠವನ್ನು ಯಾರೂ ಕೆತ್ತಬೇಕಿಲ್ಲ, ಯಾರೂ ಒಡೆಯಲಾರರು, ಅದು ಎಂದೂ ಬರಿದಾಗಿ ಬಿದ್ದಿರಲಾರದು. ಹಾಗೆಂದು ಲಿಂಗಾಯತ ಮನೆಗಳಿಂದ ಮರದ ಪೀಠ ಮಾಯವಾಗಲಿಲ್ಲ. ಊಟದ ತಟ್ಟೆ ಇಡುವ ಮುಕ್ಕಾಲಿನ ಅಡ್ಡಣಿಗೆ ಬಡಿಗನ ಕೈಯಿಂದಲೇ ಬಂತು. ಉಣ್ಣುವ ಅನ್ನವೇ ಪ್ರಸಾದವಾದಾಗ ತಟ್ಟೆಗೂ ನೆಲಕ್ಕಿಂತ ಎತ್ತರದ ನೆಲೆ ಬೇಕಾಯಿತು. ಪೀಠ ದೇವರಿಂದ ಅನ್ನಕ್ಕೆ, ಗರ್ಭಗುಡಿಯಿಂದ ಪಡಸಾಲೆಗೆ ಬಂದದ್ದು ದೊಡ್ಡ ಮಾರ್ಪಾಟು. ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಸಂಬಂಧವೇ ಪಾವಿತ್ರ್ಯವಾದರೆ ಆ ಸಂಬಂಧದೊಳಗೆ ಯಾರಿದ್ದಾರೆ ಎಂದು ಕೇಳಲೇಬೇಕು. ಪ್ರತಿಷ್ಠೆಯ ತನಕ ಪೀಠ ಮಾಡುವವನ ತೊಡೆಯ ಮೇಲೆ, ಪಾದದ ನಡುವೆ ಇರುತ್ತದೆ. ಪ್ರತಿಷ್ಠೆಯಾದ ಮರುಕ್ಷಣ ಅದನ್ನು ಮುಟ್ಟುವ ಹಕ್ಕು ಅವನಿಗಿಲ್ಲ. ಕೆಲವರ ಸ್ಪರ್ಶದಿಂದ ಪೂಜ್ಯತೆಯೇ ಅಳಿಯುತ್ತದೆ ಎಂದು ಹಳೆಯ ತರ್ಕಗ್ರಂಥಗಳು ಎಣಿಸಿದವು. ಅದಕ್ಕೆ ಸಂಡೂರು ಆಚರಣೆಯಲ್ಲೇ ಉತ್ತರ ಕೊಟ್ಟಿತು. 1932ರಲ್ಲಿ, ತಿರುವಾಂಕೂರಿನ 1936ರ ಘೋಷಣೆಗೂ ಮೊದಲು, ಸಂಡೂರು ಸಂಸ್ಥಾನದ ಘೋರ್ಪಡೆ ಅರಸರು ಕುಮಾರಸ್ವಾಮಿ ದೇವಾಲಯವನ್ನು ದಲಿತರಿಗೆ ತೆರೆದರು. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದರು. ಪೂಜೆ ನಿಲ್ಲಲಿಲ್ಲ, ಜನ ದೇವರನ್ನು ಗುರುತಿಸುವುದನ್ನು ಬಿಡಲಿಲ್ಲ. ಉದಯನನ ಎರಡನೆಯ ದಾರಿಯನ್ನು ಪ್ರಾಮಾಣಿಕವಾಗಿ ಕೊನೆತನಕ ನಡೆದರೆ ಸಿಗುವ ಫಲಿತಾಂಶವೂ ಇದೇ: ಗುರುತಿಸುವವರು ಹೆಚ್ಚಿದರೆ ಪೂಜ್ಯತೆ ಕುಗ್ಗಲು ಕಾರಣವಿಲ್ಲ.

ಪೀಠಕ್ಕೆ ಆಯುಷ್ಯವೂ ಇದೆ. ಗೆದ್ದಲು, ಬಿರುಕು, ಬೆಂಕಿ ಯಾವುದಕ್ಕಾದರೂ ಅದು ತುತ್ತಾಗಬಹುದು. ಜೀರ್ಣೋದ್ಧಾರದ ವಿಧಿಯಲ್ಲಿ ಸನ್ನಿಧಾನವನ್ನು ಮೊದಲು ಬೀಳ್ಕೊಡುತ್ತಾರೆ. ಆಮೇಲೆ ಅದು ಮತ್ತೆ ಮರ. ಹಾಳಾದ ಕಲ್ಲಿನ ಮೂರ್ತಿಯನ್ನು ನೀರಿಗೂ ಮರದ್ದನ್ನು ಅಗ್ನಿಗೂ ಒಪ್ಪಿಸಬೇಕೆಂದು ಅಗ್ನಿಪುರಾಣ ಹೇಳುತ್ತದೆ. ಹಳೆಯದು ಎಷ್ಟು ಅಳತೆಯದೋ, ಯಾವ ದ್ರವ್ಯದ್ದೋ, ಹೊಸದನ್ನೂ ಅದೇ ಅಳತೆಯಲ್ಲಿ ಅದೇ ದ್ರವ್ಯದಿಂದ ಮಾಡಿ ಕೂರಿಸಬೇಕು ಎಂಬುದೂ ಅದರ ಮುಂದಿನ ವಿಧಿ.