ಬಾಗಿಲಲ್ಲಿ ನಿಂತ ಗಾಳಿ

ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಬೇಕಾದರೆ ಹೆಚ್ಚುಕಡಿಮೆ 12 ಕಿಲೋ ಗಾಳಿ ಬೇಕು. ನಮ್ಮೂರು ಕುರೆಕುಪ್ಪದ ಬೇಸಿಗೆಯಲ್ಲಿ ಅಷ್ಟು ಗಾಳಿ 11,000 ಲೀಟರಿನ ಜಾಗ ಹಿಡಿಯುತ್ತದೆ. ದೊಡ್ಡದೊಂದು ನೀರಿನ ಟ್ಯಾಂಕರಿನ ತುಂಬ ಗಾಳಿ, ಬರೀ ಒಂದು ಲೀಟರಿಗೆ! ಈ ಲೆಕ್ಕ ತಿಳಿದ ಮೇಲೆ ಪಕ್ಕದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಡೆ ಸಾಲುಗಟ್ಟಿ ಸಾಗುವ ಲಾರಿಗಳನ್ನು ನೋಡುವ ನನ್ನ ಕಣ್ಣೇ ಬದಲಾಯಿತು. ಅವು ಹೊರುವ ಅದಿರು ಕಾಣುತ್ತದೆ, ಕಲ್ಲಿದ್ದಲು ಕಾಣುತ್ತದೆ, ಕಾರ್ಖಾನೆಯಿಂದ ಹೊರಬರುವ ಉಕ್ಕಿನ ಸುರುಳಿ ಕಾಣುತ್ತದೆ. ದಾರಿಯುದ್ದಕ್ಕೂ ಅವು ನುಂಗುವ ಗಾಳಿ ಮಾತ್ರ ಯಾರಿಗೂ ಕಾಣುವುದಿಲ್ಲ. ಡೀಸೆಲ್ಲಿಗಿಂತ ಹದಿನಾಲ್ಕು ಪಟ್ಟು ತೂಕದ ಆ ಸರಕಿಗೆ ಬಿಲ್ಲೂ ಇಲ್ಲ.

ತನ್ನಷ್ಟಕ್ಕೆ ಬಿಟ್ಟರೆ ಎಂಜಿನ್ನಿಗೆ ಸಿಗುವ ಗಾಳಿ ಬಹಳ ಕಡಿಮೆ. ಪಿಸ್ಟನ್ ಕೆಳಗಿಳಿದಾಗ ಜಾಗ ತೆರವಾಗುತ್ತದೆ, ಮೇಲಿರುವ ವಾತಾವರಣದ ಭಾರ ಗಾಳಿಯನ್ನು ಅದರೊಳಗೆ ತಳ್ಳುತ್ತದೆ. ಅಷ್ಟೇ. ಅದಕ್ಕಿಂತ ಹೆಚ್ಚು ಬೇಕೆಂದರೆ ಯಾರಾದರೂ ಒತ್ತಿ ತುಂಬಬೇಕು. ಎಂಜಿನ್ನಿನ ತಿರುಗುವ ಶಕ್ತಿಯಿಂದಲೇ, ಬೆಲ್ಟಿನಿಂದಲೋ ಗೇರಿನಿಂದಲೋ ನಡೆದು ಗಾಳಿ ಒತ್ತುವುದು ಸೂಪರ್‌ಚಾರ್ಜರ್. ಸೈಲೆನ್ಸರಿನ ಕಡೆ ಹೋಗುವ ಹೊಗೆಯಿಂದ ತಿರುಗಿ ಒತ್ತುವುದು ಟರ್ಬೊ. ನಮ್ಮ ರಸ್ತೆಗಳ ಲಾರಿಗಳಲ್ಲಿ ಇರುವುದು ಈ ಎರಡನೆಯದು. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದ.

ರಿಪೇರಿಗೆ ಬಿಚ್ಚಿಟ್ಟ ಟರ್ಬೊವನ್ನು ಕೈಗೆತ್ತಿಕೊಂಡು ನೋಡಬೇಕು. ಒಂದೇ ಕಡ್ಡಿಯ ಎರಡು ತುದಿಗೆ ಎರಡು ಚಕ್ರ. ಒಂದು ಮಸಿ ಹಿಡಿದು ಕಪ್ಪಾಗಿರುತ್ತದೆ. ಆರುನೂರು ಡಿಗ್ರಿ ಮೀರಿದ ಹೊಗೆ ಬಡಿಯುವುದು ಅದಕ್ಕೆ. ಇನ್ನೊಂದು ಬೆಳ್ಳಗೆ ಹೊಳೆಯುವ ಅಲ್ಯೂಮಿನಿಯಂ, ರೆಕ್ಕೆಗಳು ಎಷ್ಟು ತೆಳುವೆಂದರೆ ಅಂಚು ಬೆರಳಿಗೆ ಚುಚ್ಚುತ್ತದೆ. ಒಂದು ಕಡೆ ಕುಲುಮೆಯ ಕಾವು, ಗೇಣಿಗಿಂತ ಕಡಿಮೆ ದೂರದಲ್ಲಿ ಊರಿನ ಗಾಳಿ. ಪೂರ್ತಿ ಲೋಡಿನಲ್ಲಿ ಆ ಕಡ್ಡಿ ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸು ತಿರುಗುತ್ತದೆ, ಅದೂ ಕೂದಲೆಳೆಯಷ್ಟು ಎಣ್ಣೆಯ ಪದರದ ಮೇಲೆ ತೇಲುತ್ತ. ಗಾಡಿ ನಿಲ್ಲಿಸಿದ ಕೂಡಲೇ ಎಂಜಿನ್ ಆಫ್ ಮಾಡದೆ ಒಂದೆರಡು ನಿಮಿಷ ಓಡಲು ಬಿಡುವ ಡ್ರೈವರುಗಳಿಗೆ ಈ ಎಣ್ಣೆಯ ಬೆಲೆ ಗೊತ್ತು.

ಒಂದು ರಿಪೇರಿ ಶೆಡ್ಡಿನಲ್ಲಿ ನಾನು ಕೇಳಿದ್ದು ಸಾಮಾನ್ಯ ಪ್ರಶ್ನೆ: ಒಂದು ಲಾರಿಯ ಗೇಜಿನಲ್ಲಿ ಟರ್ಬೊ ಗಾಳಿಯ ಒತ್ತಡ ಒಂದು ಬಾರ್ ಇದ್ದರೆ ಇನ್ನೊಂದರಲ್ಲಿ ಎರಡು ಏಕೆ? ಹೆಚ್ಚು ಇರುವುದೇ ಒಳ್ಳೆಯದಲ್ಲವೇ? ಮೇಸ್ತ್ರಿ ತಲೆಯೆತ್ತದೆ ಹೇಳಿದರು: "ಮುಳ್ಳು ಮ್ಯಾಲೆ ಹೋತು ಅಂದ್ರ ಗಾಡಿ ಚೊಲೊ ಐತಿ ಅಂತಲ್ರೀ ಸರ. ಒಳಗ ಎಷ್ಟು ಹೋತು, ಅದನ್ನ ನೋಡ್ರಿ."

ಆ ಮಾತಿನ ಹಿಂದೆ ಎಷ್ಟು ದೊಡ್ಡ ವಿಷಯ ಇದೆ ಎಂಬುದು ಕಾಗದದ ಮೇಲೆ ಲೆಕ್ಕ ಹಾಕಿದಾಗ ತಿಳಿಯಿತು. ಎಂಜಿನ್ ಒಂದು ಸುತ್ತು ತಿರುಗಿದಾಗ ನಾಲ್ಕೂವರೆ ಲೀಟರ್ ಗಾಳಿ ತಳ್ಳುವ ಸೂಪರ್‌ಚಾರ್ಜರ್ ಒಂದಿದೆ ಎನ್ನೋಣ. ಅದನ್ನು 6 ಲೀಟರಿನ ನಾಲ್ಕು ಸ್ಟ್ರೋಕಿನ ಎಂಜಿನ್ನಿಗೆ ಕಟ್ಟಿದರೆ, ಆ ಎಂಜಿನ್ ಸುತ್ತಿಗೆ ಮೂರು ಲೀಟರ್ ಮಾತ್ರ ತೆಗೆದುಕೊಳ್ಳಬಲ್ಲದು. ಉಳಿದದ್ದು ಬಾಗಿಲಲ್ಲಿ ನೂಕುನುಗ್ಗಲಾಗಿ ಒತ್ತಡ ಏರುತ್ತದೆ. ಅದೇ ಯಂತ್ರವನ್ನು 9 ಲೀಟರಿನ ಎಂಜಿನ್ನಿಗೆ ಕಟ್ಟಿದರೆ? ಕೊಟ್ಟಷ್ಟನ್ನೂ ಅದು ಒಳಗೆ ಎಳೆದುಕೊಳ್ಳುತ್ತದೆ, ಮುಳ್ಳು ಏಳುವುದೇ ಇಲ್ಲ. ಗಾಳಿ ತಳ್ಳುವ ಯಂತ್ರ ಬದಲಾಗಿಲ್ಲ, ತಳ್ಳಿದ ಗಾಳಿಯೂ ಅಷ್ಟೇ. ಹಾಗಾದರೆ ಒತ್ತಡ ಯಾರದು? ಕೊಡುವವನದೂ ಅಲ್ಲ, ಕೊಳ್ಳುವವನದೂ ಅಲ್ಲ. ಇಬ್ಬರ ನಡುವೆ ಹುಟ್ಟಿದ್ದು. ಗೇಜು ತೋರಿಸುವುದು ಒಳಗೆ ಹೋದ ಗಾಳಿಯನ್ನಲ್ಲ, ಒಳಗೆ ಹೋಗಲು ಕಾಯುತ್ತಿರುವ ಗಾಳಿಯನ್ನು. ನನಗೆ ಇದು ಈಗಲೂ ಬೆರಗು.

ಸೂಪರ್‌ಚಾರ್ಜರ್ ನಿಜವಾಗಿ ಲಾರಿಗಳಲ್ಲಿ ದುಡಿದದ್ದು ಅಮೆರಿಕದಲ್ಲಿ. ಜನರಲ್ ಮೋಟಾರ್ಸ್ 1938ರಿಂದ ತಯಾರಿಸಿದ 71 ಸರಣಿಯ ಎರಡು ಸ್ಟ್ರೋಕಿನ ಡೀಸೆಲ್ ಎಂಜಿನ್ನುಗಳಿಗೆ ಬ್ಲೋವರ್ ಎಂದು ಕರೆಯುವ ಈ ಯಂತ್ರ ಇಲ್ಲದೆ ಸ್ಟಾರ್ಟ್ ಆಗುವುದೂ ಸಾಧ್ಯವಿರಲಿಲ್ಲ; ಸುಟ್ಟ ಹೊಗೆಯನ್ನು ಹೊರದೂಡಿ ಹೊಸ ಗಾಳಿ ತುಂಬುವುದು ಅದರದೇ ಕೆಲಸ. ಗಾಳಿ ಬರುವ ದಾರಿ, ಹೊಗೆ ಹೋಗುವ ದಾರಿ ಎರಡೂ ಒಟ್ಟಿಗೆ ತೆರೆದಿರುತ್ತಿದ್ದುದರಿಂದ ಒತ್ತಡ ಸ್ವಲ್ಪವೇ. ಅಲ್ಲಿನ ಕಾರ್ ರೇಸಿನ ಹುಡುಗರು ಹಳೆಯ ಲಾರಿಗಳಿಂದ ಅದೇ ಬ್ಲೋವರ್ ಬಿಚ್ಚಿ ತಂದು ಪೆಟ್ರೋಲ್ ಎಂಜಿನ್ನುಗಳ ಮೇಲೆ ಕೂರಿಸಿದರು. ಪುಲ್ಲಿ ಬದಲಿಸಿದಂತೆಲ್ಲ ಒತ್ತಡವೂ ಬದಲಾಯಿತು.

ಕಾವಿನ ಮಾತು ಬೇರೆ ಇದೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ನಲವತ್ತು ಡಿಗ್ರಿಯ ಗಾಳಿಯನ್ನು ಎರಡೂವರೆ ಪಟ್ಟು ಒತ್ತಿದರೆ 150 ಡಿಗ್ರಿ ದಾಟುತ್ತದೆ. ಬಿಸಿಗೆ ಹಿಗ್ಗುವ ಗಾಳಿಯಲ್ಲಿ ಸತ್ವ ಕಡಿಮೆ. ಎರಡೂವರೆ ಪಟ್ಟು ಒತ್ತಿದರೂ ಸಿಲಿಂಡರಿಗೆ ಹೋಗುವುದು ಒಂದೂಮುಕ್ಕಾಲು ಪಟ್ಟಿನ ಆಸುಪಾಸು. ನಡುವೆ ಇಂಟರ್‌ಕೂಲರ್ ಇಟ್ಟು 60 ಡಿಗ್ರಿಗೆ ಇಳಿಸಿದರೆ ಅದು ಎರಡೂಕಾಲು ಪಟ್ಟು ಮೀರುತ್ತದೆ. ಗೇಜಿನಲ್ಲಿ ಎರಡಕ್ಕೂ ಹೆಚ್ಚುಕಡಿಮೆ ಅದೇ ಅಂಕಿ. ಒಂದೇ ಬಳಗದ ಎಂಜಿನ್ನಿಗೂ ಕೆಲಸಕ್ಕೆ ತಕ್ಕಂತೆ ಬೇರೆ ಬೇರೆ ಒತ್ತಡ ಕೊಡುತ್ತಾರೆ. ನಮ್ಮ ಕಡೆಯ ಹಳೆಯ ಟಾಟಾ 2518 ಟಿಪ್ಪರಿನ ಹೆಸರಿನಲ್ಲೇ ಲೆಕ್ಕವಿದೆ: ಲೋಡು ಸೇರಿ 25 ಟನ್, 180 ಅಶ್ವಶಕ್ತಿ. ಅದರಲ್ಲಿದ್ದ ಕಮಿನ್ಸ್ 5.9 ಲೀಟರ್ ಎಂಜಿನ್ನಿನ ಬಳಗದ್ದೇ ಒಂದು 1989ರಲ್ಲಿ ಅಮೆರಿಕದ ಡಾಡ್ಜ್ ಪಿಕಪ್ಪಿನಲ್ಲಿ 160 ಅಶ್ವಶಕ್ತಿಗೆ ಒಪ್ಪಿಕೊಂಡಿತ್ತು. ದೋಣಿಗೆ ಹಾಕಿದಾಗ 370ರವರೆಗೂ ಹೋಯಿತು, ಏಕೆಂದರೆ ಸುತ್ತಲೂ ತಣ್ಣೀರು, ಗಾಳಿ ತಣಿಸುವ ಚಿಂತೆಯೇ ಇಲ್ಲ. ಬೇಸಿಗೆಯಲ್ಲಿ ಹತ್ತು ಹದಿನೈದು ವರ್ಷ ದುಡಿಯಬೇಕಾದ ಟಿಪ್ಪರಿಗೆ ಕಡಿಮೆ ಒತ್ತಡ ಕೊಟ್ಟಿರುವುದು ಜಿಪುಣತನವಲ್ಲ, ಗ್ಯಾಸ್ಕೆಟ್ಟಿನ ಮೇಲೆ, ಪಿಸ್ಟನ್ನಿನ ಮೇಲೆ ಇಟ್ಟ ಕರುಣೆ ಎಂದೇ ನನಗೆ ತೋರುತ್ತದೆ.

ಊರು ಸಹ ಈ ಲೆಕ್ಕದಲ್ಲಿ ಸೇರುತ್ತದೆ. ಕುರೆಕುಪ್ಪ ಸಮುದ್ರಮಟ್ಟದಿಂದ 500 ಮೀಟರಿನ ಆಸುಪಾಸು, ಸಂಡೂರಿನ ಗಣಿಗುಡ್ಡಗಳು 1,000 ಮೀಟರಿನ ಆಸುಪಾಸು. ಖಾಲಿ ಲಾರಿ ಗಣಿಗೆ ಏರುವಷ್ಟರಲ್ಲಿ ಗಾಳಿಯ ಒತ್ತಡ ನೂರರಲ್ಲಿ ಐದಾರು ಪಾಲು ಕರಗಿರುತ್ತದೆ. ಆದರೆ ಜನವರಿಯ ಬೆಳಗಿನಿಂದ ಮೇ ತಿಂಗಳ ಮಧ್ಯಾಹ್ನಕ್ಕೆ ಬಂದರೆ ಊರಲ್ಲೇ ನಿಂತ ಲಾರಿಗೂ ಅದಕ್ಕಿಂತ ಹೆಚ್ಚು ಗಾಳಿ ತೆಳುವಾಗುತ್ತದೆ. ಬಳ್ಳಾರಿ ಸೀಮೆಯ ಬಿಸಿಲು ಗುಡ್ಡಕ್ಕಿಂತ ಎತ್ತರ! ಕ್ರ್ಯಾಂಕಿಗೆ ಕಟ್ಟಿಹಾಕಿದ ಸೂಪರ್‌ಚಾರ್ಜರ್ ಇದಕ್ಕೆ ಏನೂ ಮಾಡಲಾರದು. ಟರ್ಬೊ ಇನ್ನಷ್ಟು ಜೋರಾಗಿ ತಿರುಗಿ ಕೊರತೆಯನ್ನು ತಾನೇ ತುಂಬಲು ನೋಡುತ್ತದೆ. 1918ರಲ್ಲಿ ಸ್ಯಾನ್‌ಫರ್ಡ್ ಮಾಸ್ ಎಂಬ ಎಂಜಿನಿಯರ್ ಇದನ್ನು ಪರೀಕ್ಷಿಸಲು ವಿಮಾನದ ಎಂಜಿನ್ನೊಂದನ್ನು ಲಾರಿಯ ಮೇಲೆ ಹೇರಿಕೊಂಡು ಕೊಲರಾಡೊದ 4,300 ಮೀಟರ್ ಎತ್ತರದ ಪೈಕ್ಸ್ ಪೀಕ್ ಹತ್ತಿದ. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಅಲ್ಲಿ 230ಕ್ಕೆ ಕುಸಿಯಿತು. ಟರ್ಬೊ ಹಾಕಿದ ಮೇಲೆ 356.

ಈ ಕಥೆಯ ಬೇರು ನಮ್ಮೂರಿನ ಪಕ್ಕದ ಉಕ್ಕಿನ ಕಾರ್ಖಾನೆಯ ಕಡೆಗೂ ಹೋಗುತ್ತದೆ. ಸೂಪರ್‌ಚಾರ್ಜರಿನ ಹಿರಿಯಜ್ಜನಾದ ರೂಟ್ಸ್ ಬ್ಲೋವರಿಗೆ ಅಮೆರಿಕದ ಇಂಡಿಯಾನಾದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದಾಗ ಮೋಟಾರು ಗಾಡಿಯೇ ಇರಲಿಲ್ಲ. ಅದು ಮೊದಲು ಹೆಸರು ಮಾಡಿದ್ದು ಕಬ್ಬಿಣ ಕರಗಿಸುವ ಕುಲುಮೆಗಳಿಗೆ ಗಾಳಿ ಊದುತ್ತ. ಇಂದಿಗೂ ಒಂದು ಟನ್ ಕಬ್ಬಿಣಕ್ಕೆ ಒಂದು ಟನ್ನಿಗೂ ಮಿಕ್ಕಿ ಗಾಳಿಯನ್ನು ಊದುಕುಲುಮೆಯ ತಳದಿಂದ ಒತ್ತಬೇಕು. ಅಲ್ಲೂ ಮೇಸ್ತ್ರಿಯ ಮಾತೇ ನಡೆಯುತ್ತದೆ. ಕುಲುಮೆಗೆ ಗಟ್ಟಿ ಅದಿರು ಬಿದ್ದರೆ ಉಂಡೆಗಳ ನಡುವೆ ಗಾಳಿಗೆ ದಾರಿ ಸಿಗುತ್ತದೆ. ಪುಡಿ ಹೆಚ್ಚಾದರೆ ಸಂದುಗಳು ಮುಚ್ಚಿ, ಒಳಗೆ ಹೋಗುವ ಗಾಳಿ ಕಡಿಮೆಯಾಗುತ್ತ ಹೋದಂತೆ ಗೇಜಿನ ಒತ್ತಡ ಏರುತ್ತ ಹೋಗುತ್ತದೆ. ಕುಲುಮೆಯ ಆಪರೇಟರುಗಳು ಭಯಪಡುವುದು ಆ ಏರಿಕೆಗೇ. ಸಂಡೂರಿನ ಕೆಂಪು ಪುಡಿ ಅದಿರನ್ನು ಹಾಗೇ ಸುರಿಯದೆ, ಸುಟ್ಟು ಗಟ್ಟಿ ಮಾಡಿ, ಇಲ್ಲವೇ ಪೆಲೆಟ್ ಕಟ್ಟಿ ಕುಲುಮೆಗೆ ಹಾಕುವುದು ಗಾಳಿಗೆ ದಾರಿ ಬಿಡಲಿಕ್ಕೆ.