ಮುದಿ ನಕ್ಷತ್ರ ಬಿಟ್ಟು ಹೋಗುವುದೇನು?



ಆಕಾಶ ಭೂಮಿಗಳ ಸೃಷ್ಟಿಯ ಕುರಿತು ಚಿಂತಿಸಬೇಕೆಂದು ಪವಿತ್ರ ಕುರ್‌ಆನ್ ನಮಗೆ ಮತ್ತೆ ಮತ್ತೆ ಕರೆ ನೀಡುತ್ತದೆ. ಆದರೆ ಇಶಾ ನಮಾಝ್ ಮುಗಿಸಿ ಮನೆಗೆ ಮರಳುವಾಗ ಒಮ್ಮೆಯಾದರೂ ತಲೆಯೆತ್ತಿ ನೋಡುವವರು ನಮ್ಮಲ್ಲಿ ಎಷ್ಟು ಮಂದಿ?

ಸಿಂಹ ರಾಶಿಯ ದಿಕ್ಕಿನಲ್ಲಿ, ಸುಮಾರು 400 ಜ್ಯೋತಿರ್ವರ್ಷಗಳ ದೂರದಲ್ಲಿ ಒಂದು ಮುದಿ ನಕ್ಷತ್ರವಿದೆ. ವಿಜ್ಞಾನಿಗಳು ಅದನ್ನು 'ಐಆರ್‌ಸಿ +10216' ಎಂದು ಕರೆಯುತ್ತಾರೆ. ಅದು ಬರಿಗಣ್ಣಿಗೆ ಕಾಣದು. ತಾನೇ ಹೊರಚೆಲ್ಲಿದ ಅನಿಲ ಮತ್ತು ಮಸಿಯಂಥ ಧೂಳು ಅದನ್ನು ಮುಸುಕಿನಂತೆ ಮುಚ್ಚಿದೆ. ಅಮೆರಿಕದ ಮೌಂಟ್ ವಿಲ್ಸನ್‌ನಲ್ಲಿ ಅವಕೆಂಪು ಕಿರಣಗಳ ಮೂಲಕ ಆಕಾಶವನ್ನು ಶೋಧಿಸಿದಾಗ ಅದು ಪತ್ತೆಯಾಯಿತು. 1969ರಲ್ಲಿ ಅದರ ವಿವರ ಪ್ರಕಟವಾಯಿತು.

ಆ ನಕ್ಷತ್ರದ ಒಡಲಲ್ಲಿ ಹೀಲಿಯಂ ಇಂಗಾಲವಾಗಿ ಮಾರ್ಪಟ್ಟು ಮೇಲ್ಪದರಕ್ಕೆ ಬಂದಿದೆ. ಅಲ್ಲಿಂದ ಅನಿಲವು ಸೆಕೆಂಡಿಗೆ ಸುಮಾರು 14 ಕಿಲೋಮೀಟರ್ ವೇಗದಲ್ಲಿ ಹೊರಗೆ ಹರಿಯುತ್ತಿದೆ. ಪ್ರತಿವರ್ಷ ಅದು ಕಳೆದುಕೊಳ್ಳುವ ದ್ರವ್ಯ ಹಲವು ಭೂಮಿಗಳ ತೂಕಕ್ಕೆ ಸಮ! ದೂರ ಸರಿದಂತೆ ಅನಿಲ ತಣ್ಣಗಾಗುತ್ತದೆ, ಪರಮಾಣುಗಳು ಕೂಡಿ ಅಣುಗಳಾಗುತ್ತವೆ. ಆಮ್ಲಜನಕದ ಬಹುಪಾಲು ಇಂಗಾಲದೊಡನೆ ಸೇರಿ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಮಿಕ್ಕ ಇಂಗಾಲದಿಂದ ಅಸಿಟಿಲೀನ್ ಹಾಗೂ ಉದ್ದನೆಯ ಸರಪಣಿಯಂಥ ಅಣುಗಳು ಹುಟ್ಟುತ್ತವೆ. ಈವರೆಗೆ ಅಲ್ಲಿ 80ಕ್ಕೂ ಹೆಚ್ಚು ಬಗೆಯ ಅಣುಗಳನ್ನು ಗುರುತಿಸಲಾಗಿದೆ. 1987ರಲ್ಲಿ ಪತ್ತೆಯಾದ ಒಂದು ಅಣು ಯಾವುದು ಗೊತ್ತೇ? ನಮ್ಮ ಅಡುಗೆಮನೆಯ ಉಪ್ಪು! 2001ರಲ್ಲಿ ನೀರಾವಿಯೂ ಕಂಡುಬಂತು.

ಇಂಥ ನಕ್ಷತ್ರಗಳು ಚೆಲ್ಲಿದ್ದು ವ್ಯರ್ಥವಾಗುವುದಿಲ್ಲ. 1969ರಲ್ಲಿ ಆಸ್ಟ್ರೇಲಿಯದ ಮರ್ಚಿಸನ್ ಎಂಬಲ್ಲಿ ಬಿದ್ದ ಉಲ್ಕಾಶಿಲೆಯೊಳಗೆ ಸೂರ್ಯನಿಗಿಂತಲೂ ಹಳೆಯ ಕಣಗಳು ದೊರೆತವು. ಅವುಗಳಲ್ಲಿ ಹೆಚ್ಚಿನವು ಇಂಗಾಲ ತುಂಬಿದ ಮುದಿ ನಕ್ಷತ್ರಗಳ ಧೂಳು. ಒಂದರ ಅಂತ್ಯ ಇನ್ನೊಂದರ ಆರಂಭಕ್ಕೆ ಸಾಮಗ್ರಿಯಾಗುವ ಈ ಏರ್ಪಾಡನ್ನು ಮಾಡಿದವನೆಷ್ಟು ಯುಕ್ತಿವಂತನು!

ಆದರೆ ನಕ್ಷತ್ರಕ್ಕೆ ಆಯ್ಕೆಯಿಲ್ಲ. ಅದು ತನ್ನ ಪ್ರಭುವಿನ ನಿಯಮಕ್ಕೆ ಬಾಗಿ ಕೊಡುತ್ತದೆ, ಅಷ್ಟೆ. ಆಯ್ಕೆಯಿರುವುದು ಮನುಷ್ಯನಿಗೆ. ಆದುದರಿಂದಲೇ ವಿಚಾರಣೆಯಿರುವುದೂ ಅವನಿಗೇ.

ಮರಣದೊಂದಿಗೆ ಕರ್ಮಗಳು ಮುಗಿದರೂ ಮೂರರ ಪ್ರತಿಫಲ ಮುಂದುವರಿಯುವುದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ: ನಿರಂತರ ದಾನ, ಜನರಿಗೆ ಉಪಯುಕ್ತವಾದ ಜ್ಞಾನ, ಪ್ರಾರ್ಥಿಸುವ ಸಜ್ಜನ ಸಂತಾನ. "ವಯಸ್ಸಾಯಿತು, ಇನ್ನು ನನ್ನಿಂದೇನಾದೀತು?" ಎಂದು ಮೂಲೆ ಹಿಡಿದಿರುವ ಹಿರಿಯರೇ, ಮೊಮ್ಮಕ್ಕಳಿಗೆ ನೀವು ಕಲಿಸುವ ಒಂದು ಒಳ್ಳೆಯ ಮಾತು ನಿಮ್ಮ ನಂತರವೂ ಬಾಳೀತು. ಸಾಲ ತೀರಿಸದೆ, ಸಹೋದರಿಯರ ಪಾಲು ಕೊಡದೆ ಆಸ್ತಿಯನ್ನು ಬಿಗಿಹಿಡಿದಿರುವ ಸಹೋದರರೇ, ನಾಳೆ ಅದನ್ನು ಬಿಟ್ಟೇ ಹೋಗಬೇಕು. ಕೈ ತೆರೆಯಲು ಶಕ್ತಿಯಿರುವ ದಿನ ಇಂದಿನದು.

ನಾವು ಬಿಟ್ಟು ಹೋಗುವುದು ಇತರರಿಗೆ ಒಳಿತಾಗಲಿ, ಜಗಳವಾಗದಿರಲಿ. ಅಲ್ಲಾಹನು ನಮ್ಮೆಲ್ಲರನ್ನೂ ಅನುಗ್ರಹಿಸಲಿ. ಆಮೀನ್.