ಯಾತ್ರಿಕರ ಹಣವೂ ಊರಿನ ಋಣವೂ

ಪರಸ್ಥಳದ ಜನರು ಬಂದು ಹಣ ಚೆಲ್ಲಿದ ಊರು ಏಳಿಗೆ ಹೊಂದಿತೆಂದು ಲೋಕವು ನಂಬುತ್ತದೆ. ಈ ನಂಬಿಕೆಯು ಎಷ್ಟರ ಮಟ್ಟಿಗೆ ನಿಜವೆಂದು ವಿಚಾರಿಸುವುದಕ್ಕೆ ಕುಕ್ಕೆ ಸುಬ್ರಹ್ಮಣ್ಯಕ್ಕಿಂತ ಉತ್ತಮವಾದ ನಿದರ್ಶನವು ಈ ಸೀಮೆಯಲ್ಲಿ ದೊರೆಯಲಾರದು. ಮೊದಲು ಸುಳ್ಯಕ್ಕೆ ಸೇರಿದ್ದು ಈಗ ಕಡಬ ತಾಲೂಕಿನಲ್ಲಿರುವ ಈ ಕ್ಷೇತ್ರದ ದೇವಾಲಯವು ರಾಜ್ಯದ ಮುಜರಾಯಿ ದೇವಾಲಯಗಳಲ್ಲೆಲ್ಲ ಅತ್ಯಧಿಕ ಆದಾಯವುಳ್ಳದ್ದು. ಅದರ ವಾರ್ಷಿಕ ಉತ್ಪನ್ನವು ಈಚೆಗೆ 100 ಕೋಟಿ ರೂಪಾಯಿಗಳನ್ನು ಮೀರಿದೆ. ಅದು ದೇವರ ಹಣವೆಂದು ಬಿಡೋಣ. ದೇವರ ಬಾಗಿಲ ಹೊರಗೆ ಕೈ ಬದಲಾಗುವ ಹಣದ ಮಾತೇ ಇಲ್ಲಿಯದು.

ಯಾತ್ರೆಯನ್ನನುಸರಿಸಿ ವ್ಯಾಪಾರವು ಬೆಳೆಯುವುದು ಹೊಸತಲ್ಲ. ಹಿಂದೆ ಚಂಪಾಷಷ್ಠಿಯ ಕಾಲಕ್ಕೆ ಸಮೀಪದ ಕುಲ್ಕುಂದದಲ್ಲಿ ದನಗಳ ಜಾತ್ರೆಯು ಸೇರುತ್ತಿತ್ತು. ಘಟ್ಟದ ಮೇಲಿನವರು ಹೋರಿಗಳನ್ನು ಇಳಿಸಿ ತರುತ್ತಿದ್ದರು. ತುಳುನಾಡಿನ ಬೇಸಾಯಗಾರರು ಉಳುಮೆಗಾಗಿ ಅವನ್ನು ಕೊಳ್ಳುತ್ತಿದ್ದರು. ಲೆಕ್ಕಕ್ಕೆ ನೋಡಿದರೆ ಆ ಜಾತ್ರೆಯಲ್ಲಿ ಹಣವು ಊರಿನಿಂದ ಹೊರಗೇ ಹೋಯಿತು, ಘಟ್ಟವನ್ನೇ ಹತ್ತಿತು. ಆದರೆ ಎತ್ತು ಇಲ್ಲಿಯ ಗದ್ದೆಯಲ್ಲಿ ಉಳಿಯಿತು, ಅದರ ಹಿಂದೆ ಭತ್ತವು ಬೆಳೆಯಿತು. ಮೇಲಾಗಿ, ಕುಂಟು ಹೋರಿಯನ್ನು ಕಟ್ಟಿ ಮೋಸಮಾಡಿದವನು ಮರುವರ್ಷ ಅದೇ ಬಯಲಿನಲ್ಲಿ ಅದೇ ಮುಖಗಳನ್ನು ನೋಡಬೇಕಾಗಿತ್ತು. ಬಂದವನಿಗೂ ಊರಿನವನಿಗೂ ಪರಸ್ಪರ ಅಗತ್ಯವಿತ್ತು. ಅಗತ್ಯವಿದ್ದಲ್ಲಿ ಒಂದಿಷ್ಟು ನಾಚಿಕೆಯೂ ಇತ್ತು.

ಆ ಜಾತ್ರೆ ಈಗಿಲ್ಲ. 1979ರಲ್ಲಿ ಮಂಗಳೂರು-ಹಾಸನ ರೈಲುಮಾರ್ಗವು ತೆರೆಯಿತು. ಹಳಿ ಅಗಲಗೊಳಿಸುವ ಕೆಲಸಕ್ಕಾಗಿ ವರ್ಷಗಳ ಕಾಲ ನಿಂತು, 2007ರಲ್ಲಿ ಪ್ರಯಾಣಿಕರನ್ನು ಮತ್ತೆ ಹೊರತೊಡಗಿತು. ನೆಟ್ಟಣದ ನಿಲ್ದಾಣದಲ್ಲಿ ಇಳಿದವರೂ ಬೆಂಗಳೂರಿನ ಬಸ್ಸಿನಲ್ಲಿ ಬಂದವರೂ ಬಹುಮಂದಿ ಅಂದೇ ಹಿಂದಿರುಗುತ್ತಾರೆ. ಸರ್ಪಸಂಸ್ಕಾರದ ಸೇವೆಗೆ ಬಂದವರು ಎರಡು ದಿನ ನಿಲ್ಲುವರು, ಅಷ್ಟೆ. ಮಾರುವವನಿಗೆ ಕೊಳ್ಳುವವನನ್ನು ಮತ್ತೆ ಕಾಣುವ ಸಂಭವವಿಲ್ಲ. ಅತಿಥಿಯು ಗಿರಾಕಿಯಾಗುವುದು ಹಣ ಕೊಟ್ಟದ್ದರಿಂದಲ್ಲ. ಅವನು ಮತ್ತೆ ಬಾರನೆಂಬ ಧೈರ್ಯದಿಂದ. ಮಾರುವ ಸರಕೂ ಹೊರಗಿನಿಂದ ಬಂದುದಾದರೆ ಊರಿಗೆ ಉಳಿಯುವುದು ನೆಲದ ಬಾಡಿಗೆ ಮಾತ್ರ. ನೆಲವಿದ್ದವನಿಗೆ ಅದು ಲಾಭ. ಬಾಡಿಗೆಯ ಮನೆಯಲ್ಲಿರುವ ಶಾಲಾ ಉಪಾಧ್ಯಾಯನಿಗೆ ಅದೇ ಏರಿದ ಬಾಡಿಗೆ.

ಇಷ್ಟರಿಂದ ಊರವರನ್ನು ಧನಲೋಭಿಗಳೆಂದು ಹಳಿಯುವುದು ಅನ್ಯಾಯವಾದೀತು. ಅಡಕೆಯ ಸಸಿಯನ್ನು ನೆಟ್ಟವನು ಫಲಕ್ಕಾಗಿ ಐದಾರು ವರ್ಷ ಕಾಯಬೇಕು. ಸಂಪಾಜೆ, ಅರಂತೋಡುಗಳ ಕಡೆ ಹಳದಿ ಎಲೆ ರೋಗವು ತಲೆತಲಾಂತರದ ತೋಟಗಳನ್ನು ಕಣ್ಣೆದುರಿಗೇ ಬರಿದುಮಾಡಿದೆ. ಅಂಥವನೊಬ್ಬನು ಮಾರ್ಗದ ಬದಿಯಲ್ಲಿ ಚಹದಂಗಡಿಯನ್ನಿಟ್ಟರೆ ಸಂಜೆಗೆ ಅವನ ಕೈಯಲ್ಲಿ ಕಾಸು ಆಡುತ್ತದೆ. ಪಟ್ಟಣದಲ್ಲಿ ತಿಂಗಳ ಸಂಬಳವನ್ನು ಎಣಿಸುತ್ತ ಹಳ್ಳಿಯ ಪ್ರಶಾಂತಿಗಾಗಿ ನಿಟ್ಟುಸಿರಿಡುವ ಮಹನೀಯರು ಈ ವಿಷಯದಲ್ಲಿ ಮೌನವಾಗಿರುವುದೇ ಲೇಸು.

ಹಾಗಾದರೆ ದೋಷವೆಲ್ಲಿ? ಲಾಭ ಹೊಂದುವವನೊಬ್ಬ, ಹೊರೆ ಹೊರುವವನೊಬ್ಬ ಆದಲ್ಲಿ. ಬೆಟ್ಟದ ವಿಷಯವನ್ನು ನೋಡಬಹುದು. 2024ರ ಜನವರಿಯಲ್ಲಿ ಕುಮಾರಪರ್ವತವನ್ನೇರಲು ಜನಸಂದಣಿಯು ಅತಿಯಾದಾಗ ಸರಕಾರವು ಚಾರಣವನ್ನೇ ತಡೆಯಿತು; ಬಳಿಕ ಮುಂಗಡ ನೋಂದಣಿಯ ನಿಯಮವನ್ನು ವಿಧಿಸಿತು. ನೋಟಕ್ಕೆ ಬಂದವನಿಗೆ “ಇಂದು ಸಾಕು, ನಾಳೆ ಬಾ” ಎನ್ನಬಹುದು. ಮಗುವಿನ ಮೈಯ ವ್ಯಾಧಿಗಾಗಿ ಹರಕೆ ಹೊತ್ತು ದೂರದಿಂದ ಬಂದ ತಾಯಿಗೆ ಹಾಗೆನ್ನಲು ಯಾರಿಗೆ ಬಾಯಿ ಬಂದೀತು? ಬಾಗಿಲನ್ನು ಮುಚ್ಚಲಾಗದಿರುವಲ್ಲಿ, ಬಂದವರಿಂದ ಪಡೆಯುವವರ ಹೊಣೆಯೇ ಹೆಚ್ಚುತ್ತದೆ. ಬಂದ ಹಣದಲ್ಲಿ ಮೊದಲ ಪಾಲು ಬಂದ ಹೊರೆಗೆ ಸಲ್ಲತಕ್ಕದ್ದು, ಉಳಿದದ್ದೇ ಲಾಭವೆನಿಸಬೇಕು. ದೇವಾಲಯಕ್ಕೆ ಈ ನಿಯಮ ಸಲ್ಲುವಂತೆ ವಸತಿಗೃಹದ ಯಜಮಾನನಿಗೂ ಸಲ್ಲುತ್ತದೆ. ದೇವರ ಹೆಸರಿನಲ್ಲಿ ವ್ಯಾಪಾರ ಮಾಡುವವನಿಗೆ ದೇವರಿಗಿಂತ ಕಡಮೆ ಕಟ್ಟಳೆಯಿರುವುದು ಹೇಗೆ?

ಆ ಹೊರೆಯು ಎಷ್ಟು ದೂರ ಸಾಗುತ್ತದೆಂಬುದನ್ನು ನದಿಯೇ ತೋರಿಸುತ್ತದೆ. ಕುಮಾರಧಾರೆಯಲ್ಲಿ ಮಿಂದವರು ಉಟ್ಟ ಬಟ್ಟೆಯನ್ನು ನೀರಿಗೆ ಬಿಡುವ ರೂಢಿಯೊಂದು ಬೆಳೆದಿದೆ; ಪಾಪವು ಬಟ್ಟೆಯೊಡನೆ ಹೋಗುವುದೆಂಬ ಭಾವನೆ. ಪಾಪದ ಗತಿ ಹೇಗೋ, ಬಟ್ಟೆಯಂತೂ ಮರದ ಬೇರಿಗೆ ಸಿಕ್ಕಿಕೊಂಡು ಕೊಳೆಯುತ್ತದೆ. ಸಾವಿರಾರು ಜನರ ಬಚ್ಚಲು, ಅಡುಗೆಮನೆಗಳ ಕೊಳೆನೀರಿಗೂ ಇಳಿಜಾರು ಅದೇ ಕಡೆಗೆ. ನದಿಯು ಕಡಬದ ಸೀಮೆಯನ್ನು ದಾಟಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಕೂಡುವ ಮುನ್ನ ನೆಕ್ಕಿಲಾಡಿಯ ಕಿಂಡಿ ಅಣೆಕಟ್ಟಿನಲ್ಲಿ ನಿಂತು ಪುತ್ತೂರು ಪೇಟೆಗೆ ಕುಡಿಯುವ ನೀರಾಗುತ್ತದೆ. ಆ ನೀರನ್ನು ಶುದ್ಧಿಮಾಡುವ ವೆಚ್ಚವು ಪುತ್ತೂರಿನ ಮನೆಗಳ ನೀರಿನ ಶುಲ್ಕದಲ್ಲಿ ಸೇರಿದೆ. ಕುಕ್ಕೆಯ ವಸತಿಗೃಹಗಳ ಬಾಡಿಗೆಯಲ್ಲಿ ಅದು ಸೇರಿಲ್ಲ.